ತಪ್ಪಿಸಿಕೊಂಡ ಕುದುರೆಗಳ ಲೆಕ್ಕ

ಅಕ್ಕನ ಮಗ ಕಾರು ಕೊಂಡ ದಿನ ನನಗೆ ಎರಡು ಫೋಟೊ ಕಳಿಸಿದ. ಒಂದರಲ್ಲಿ ಕಾರು, ಇನ್ನೊಂದರಲ್ಲಿ ಒಂದು ಚೀಟಿ. ಕಾರು 2001ರ ಹೋಂಡಾ ಸಿಟಿ ವಿಟೆಕ್. ಬೆಲೆ ಒಂದೂವರೆ ಲಕ್ಷ. ಹಿಂದಿನ ಮಾಲೀಕನ ಶೋಕಿಗೆ ಸಾಕ್ಷಿಯಾಗಿ ಹದಿನಾರು ಇಂಚಿನ ಕ್ರೋಮ್ ಚಕ್ರಗಳು, ಡಿಕ್ಕಿಯಲ್ಲಿ ಹಾಸಿಗೆಯಷ್ಟು ದೊಡ್ಡ ಸ್ಪೀಕರ್ ಪೆಟ್ಟಿಗೆ. ಚೀಟಿಯಲ್ಲಿ ಏಳು ಸಾಮಾನು: ಕೋನ್ ಏರ್ ಫಿಲ್ಟರ್, ಫ್ರೀ-ಫ್ಲೋ ಸೈಲೆನ್ಸರ್, ಹದಿನೇಳು ಇಂಚಿನ ಅಲಾಯ್, ಕಾರು ತಗ್ಗಿಸುವುದು, ಇಸಿಯು ಚಿಪ್, ಬಕೆಟ್ ಸೀಟು, ಬಾನೆಟ್ ಮೇಲೊಂದು ಸ್ಕೂಪ್. ಕೊನೆಗೆ ಎರಡು ಗೆರೆ ಎಳೆದು ಬರೆದಿದ್ದ: ‘ಒಟ್ಟು 1,00,000. ಒಂದು ರೂಪಾಯಿ ಹೆಚ್ಚಿಲ್ಲ.’

ಚೀಟಿಯಲ್ಲಿ ಟೈರ್ ಎಂಬ ಪದ ಇರಲಿಲ್ಲ. ಬ್ರೇಕ್ ಎಂಬುದೂ ಇರಲಿಲ್ಲ.

ಅವನನ್ನು ಬೈಯುವ ಯೋಗ್ಯತೆ ನನಗಿಲ್ಲ. ಇಪ್ಪತ್ತು ವರ್ಷದ ಹಿಂದೆ ನನ್ನ ಕೈಯಲ್ಲಿದ್ದ ಚೀಟಿ ಇದಕ್ಕಿಂತ ಹೆಚ್ಚು ನಾಚಿಕೆಗೇಡಿನದು, ಅದರ ಮಾತು ಮುಂದೆ ಬರುತ್ತದೆ. ಆದರೆ ಹಳೆಯ ಕಾರಿನ ಮೇಲೆ ಕಡಿಮೆ ದುಡ್ಡು ಹಾಕಹೊರಟ ಹುಡುಗರೆಲ್ಲ ಜಾರುವುದು ಇದೇ ಜಾಗದಲ್ಲಿ. ಕೈಯಲ್ಲಿರುವುದು ಕಂಪನಿಯಿಂದ ಬಂದಂತೆಯೇ ಇರುವ ಕಾರು, ಅದರ ಮೇಲೆ ನಾವು ಏನಾದರೂ ಸೇರಿಸಬೇಕು ಎಂದುಕೊಳ್ಳುತ್ತಾರೆ. ಇಪ್ಪತ್ತೈದು ವರ್ಷ ಓಡಿದ ಕಾರು ಕಂಪನಿಯಿಂದ ಬಂದಂತೆ ಇರುವುದಿಲ್ಲ. ಅದರ ಕುದುರೆಗಳು ಒಂದೊಂದಾಗಿ ಲಾಯದಿಂದ ತಪ್ಪಿಸಿಕೊಂಡಿರುತ್ತವೆ.

ನಮ್ಮ ದೇಶದಲ್ಲಿ ಬಡವರ ‘ಪರ್ಫಾರ್ಮೆನ್ಸ್ ಕಾರು’ ಎಂದರೆ ಬಹುಪಾಲು ಒಂದು ಸಣ್ಣ ಕಾಲಾವಧಿಯ ಬೆಳೆ. 1999ರಿಂದ 2004ರವರೆಗಿನ ಐದಾರು ವರ್ಷ. ಮಾರುತಿಯ 1.6 ಲೀಟರ್ ಬಲೆನೊ ಬಂತು, ‘ಜೋಶ್ ಮಷೀನ್’ ಎಂದು ಜಾಹೀರಾತು ಹಾಕಿಕೊಂಡು ಫೋರ್ಡ್ ಐಕಾನ್ ಬಂತು, ಫಿಯಟ್ ಪಾಲಿಯೊ 1.6 ಬಂತು. ಸ್ವಲ್ಪ ಮೇಲ್ಜಾತಿಯ ಸ್ಕೋಡಾ ಆಕ್ಟೇವಿಯ ಆರ್‌ಎಸ್ 1.8 ಲೀಟರ್ ಟರ್ಬೊ ಹೊತ್ತು 150 ಅಶ್ವಶಕ್ತಿಯೊಂದಿಗೆ ಬಂತು. ಇವುಗಳ ನಡುವೆ, 1998ರಲ್ಲಿ ಭಾರತಕ್ಕೆ ಕಾಲಿಟ್ಟಿದ್ದ ಮೊದಲ ತಲೆಮಾರಿನ ಹೋಂಡಾ ಸಿಟಿಗೆ 2000ದಲ್ಲಿ 1.5 ಲೀಟರಿನ ವಿಟೆಕ್ ಎಂಜಿನ್ ಬಂತು. 106 ಅಶ್ವಶಕ್ತಿ. ಇವತ್ತಿನ ಒಂದು ಲೀಟರಿನ ಟರ್ಬೊ ಹ್ಯಾಚ್‌ಬ್ಯಾಕ್ ಇದಕ್ಕಿಂತ ಹೆಚ್ಚು ಕೊಡುತ್ತದೆ, ನಿಜ. ಆದರೆ ಈ ಕಾರಿನ ತೂಕ ಸುಮಾರು ಒಂದು ಟನ್ ಅಷ್ಟೇ, ಆಕ್ಸಿಲರೇಟರ್ ಪೆಡಲಿನಿಂದ ಎಂಜಿನ್ನಿಗೆ ಹೋಗುವುದು ಬರಿಯ ಒಂದು ಕೇಬಲ್. ನಡುವೆ ಕಂಪ್ಯೂಟರಿನ ಪಂಚಾಯಿತಿ ಇಲ್ಲ. 2003ರ ಕೊನೆಯಲ್ಲಿ ಇದರ ಜಾಗಕ್ಕೆ ಬಂದ ‘ಡಾಲ್ಫಿನ್’ ಸಿಟಿಯ ಎಂಜಿನ್ 77 ಅಶ್ವಶಕ್ತಿಗೆ ಇಳಿದಿತ್ತು. ಮೈಲೇಜ್ ನೋಡುವವರು ಖುಷಿಪಟ್ಟರು, ಓಡಿಸುವವರು ಹಳೆಯದನ್ನೇ ಜಪಿಸಿದರು. ಆ ಜಪ ಇನ್ನೂ ನಿಂತಿಲ್ಲ. ನಮ್ಮ ಹುಡುಗ ಹುಟ್ಟುವ ಮೊದಲು ತಯಾರಾದ ಕಾರನ್ನು ಅವನು ಹುಡುಕಿಕೊಂಡು ಹೋಗಿದ್ದು ಅದಕ್ಕೇ.

ಮೊದಲ ಭಾನುವಾರ ಚಾಮುಂಡಿ ಬೆಟ್ಟ ಹತ್ತಿಸಿದೆವು. ಕಾರು ಹತ್ತಿತು, ಆದರೆ ಮಂಡಿನೋವಿನ ಭಕ್ತರು ಮೆಟ್ಟಿಲು ಹತ್ತುವ ಹಾಗೆ. ನಾಲ್ಕು ಸಾವಿರ ಆರ್‌ಪಿಎಂ ದಾಟಿದ ಮೇಲೆ ಎಂಜಿನ್ ಕೂಗುತ್ತಿತ್ತೇ ಹೊರತು ಎಳೆಯುತ್ತಿರಲಿಲ್ಲ.

“ನೋಡಿದ್ರಾ ಮಾವ, ಪಿಕಪ್ಪೇ ಇಲ್ಲ. ಅದಕ್ಕೇ ಚಿಪ್ ಬೇಕು ಅಂದಿದ್ದು.”

ಮಂಡಿ ಮೊಹಲ್ಲಾದ ನನ್ನ ಹಳೆಯ ಮೇಸ್ತ್ರಿ ಚಿಪ್ಪಿನ ಮಾತು ಕಿವಿಗೇ ಹಾಕಿಕೊಳ್ಳಲಿಲ್ಲ. ಡ್ಯಾಶ್‌ಬೋರ್ಡಿನ ಕೆಳಗೆ ಕೈಹಾಕಿ ಎರಡು ತೂತಿನ ಒಂದು ಸಣ್ಣ ಕನೆಕ್ಟರ್ ಎಳೆದರು. ಸೇಫ್ಟಿ ಪಿನ್ ಬಗ್ಗಿಸಿ ಎರಡನ್ನೂ ಸೇರಿಸಿ ಇಗ್ನಿಷನ್ ಹಾಕಿದರು. ಆ ಕಾಲದ ಹೋಂಡಾ ಕಾರುಗಳಿಗೆ ಲ್ಯಾಪ್‌ಟಾಪ್ ಹಿಡಿದವರು ಬೇಕಾಗಿಲ್ಲ. ಹೀಗೆ ಮಾಡಿದರೆ ಚೆಕ್ ಎಂಜಿನ್ ದೀಪವೇ ಮಿಣುಕಿ ತನ್ನ ಕಾಯಿಲೆ ಹೇಳುತ್ತದೆ. ಉದ್ದ ಮಿಣುಕು ಹತ್ತರ ಸ್ಥಾನ, ಗಿಡ್ಡ ಮಿಣುಕು ಬಿಡಿಯ ಸ್ಥಾನ. ಎರಡು ಉದ್ದ, ಎರಡು ಗಿಡ್ಡ.

“ಇಪ್ಪತ್ತೆರಡು,” ಅಂದರು ಮೇಸ್ತ್ರಿ. “ನಿಮ್ಮ ಕಾರಲ್ಲಿ ವಿಟೆಕ್ ಅನ್ನೋದು ಹಿಂದ್ಗಡೆ ಸ್ಟಿಕ್ಕರಲ್ಲಿ ಮಾತ್ರ ಐತೆ ಸಾ.”

ವಿಟೆಕ್ ಎಂದರೇನೆಂದು ಇಲ್ಲಿ ಹೇಳಲೇಬೇಕು. ಎಂಜಿನ್ನು ಉಸಿರಾಡುವುದು ವಾಲ್ವುಗಳ ಮೂಲಕ. ಅವನ್ನು ಒತ್ತಿ ತೆರೆಯುವುದು ಕ್ಯಾಮ್‌ಶಾಫ್ಟಿನ ಮೇಲಿನ ಉಬ್ಬುಗಳು. ಉಬ್ಬು ಚಿಕ್ಕದಾದರೆ ಎಂಜಿನ್ ನಿಧಾನಗತಿಯಲ್ಲಿ ನಯವಾಗಿ ಓಡುತ್ತದೆ, ವೇಗದಲ್ಲಿ ಉಸಿರು ಕಟ್ಟುತ್ತದೆ. ದೊಡ್ಡದಾದರೆ ವೇಗದಲ್ಲಿ ಅಬ್ಬರಿಸುತ್ತದೆ, ಸಿಗ್ನಲ್ಲಿನಲ್ಲಿ ನಿಂತಾಗ ನಡುಗುತ್ತದೆ. ಹೋಂಡಾದ ಎಂಜಿನಿಯರುಗಳು ಎರಡೂ ಬಗೆಯ ಉಬ್ಬುಗಳನ್ನು ಒಂದೇ ಶಾಫ್ಟಿನ ಮೇಲೆ ಕೂರಿಸಿದರು. 1989ರಲ್ಲಿ ಜಪಾನಿನ ಇಂಟೆಗ್ರಾ ಕಾರಿನಲ್ಲಿ ಇದು ಮೊದಲು ಬಂತು. ನಾವೂ ನಡೆಯುವಾಗ ಮೂಗಿನಲ್ಲಿ ಉಸಿರಾಡುತ್ತೇವೆ, ಓಡುವಾಗ ಬಾಯಿ ಬಿಡುತ್ತೇವೆ. ಬಾಯಿ ಬಿಡು ಎಂದು ಎಂಜಿನ್ನಿಗೆ ಹೇಳುವುದು ಆಯಿಲ್. ನಿಗದಿತ ಆರ್‌ಪಿಎಂ ದಾಟಿದಾಗ ಒಂದು ಸೊಲೆನಾಯ್ಡ್ ತೆರೆದು ಎಂಜಿನ್ ಆಯಿಲ್ಲಿನ ಒತ್ತಡವನ್ನು ರಾಕರ್ ತೋಳುಗಳೊಳಗಿನ ಸಣ್ಣ ಪಿನ್ನಿಗೆ ಕಳಿಸುತ್ತದೆ. ಪಿನ್ ಸರಿದು ತೋಳುಗಳನ್ನು ಬೆಸೆಯುತ್ತದೆ, ದೊಡ್ಡ ಉಬ್ಬು ಕೆಲಸಕ್ಕೆ ಇಳಿಯುತ್ತದೆ. ಒತ್ತಡ ಬಂದಿಲ್ಲವೆಂದು ಸ್ವಿಚ್ ಹೇಳಿದರೆ ಕಂಪ್ಯೂಟರು ದೊಡ್ಡ ಉಬ್ಬಿನ ತಂಟೆಗೇ ಹೋಗುವುದಿಲ್ಲ. ಕೋಡ್ ಇಪ್ಪತ್ತೆರಡು ಎಂದರೆ ಆ ಸ್ವಿಚ್ಚಿನ ದೂರು.

ಸೊಲೆನಾಯ್ಡ್ ಬಿಚ್ಚಿದಾಗ ಅದರ ಗ್ಯಾಸ್ಕೆಟ್ಟಿನಲ್ಲಿರುವ ಜಾಲರಿ ಕಾಫಿ ಸೋಸಿ ತೊಳೆಯದೆ ಇಟ್ಟ ಬಟ್ಟೆಯಂತಿತ್ತು. ವರ್ಷಗಟ್ಟಲೆ ಆಯಿಲ್ ಬದಲಿಸದವರ ಪುಣ್ಯ. ಹೊಸ ಗ್ಯಾಸ್ಕೆಟ್, ಆಯಿಲ್, ಆಯಿಲ್ ಫಿಲ್ಟರ್, ಕೂಲಿ ಎಲ್ಲ ಸೇರಿ ಮೂರು ಸಾವಿರ. ಮುಂದಿನ ಭಾನುವಾರ ಬೆಟ್ಟದ ಅದೇ ತಿರುವಿನಲ್ಲಿ ಎಂಜಿನ್ನಿನ ದನಿ ತಟ್ಟನೆ ಬದಲಾಗಿ ಬೆನ್ನು ಸೀಟಿಗೆ ಒತ್ತಿತು. ಹುಡುಗ ಮಾತಾಡಲಿಲ್ಲ. ಮನೆಗೆ ಬಂದು ಚೀಟಿಯಲ್ಲಿ ‘ಚಿಪ್’ ಹೊಡೆದುಹಾಕಿದ.

ಚಿಪ್ಪಿನ ವಿಷಯಕ್ಕೆ ಒಂದೇ ಮಾತು. ಟರ್ಬೊ ಇರುವ ಎಂಜಿನ್ನಿನಲ್ಲಿ ಚಿಪ್ ಹಾಕಿ ಕಂಪ್ಯೂಟರಿನ ಲೆಕ್ಕ ತಿದ್ದಿದರೆ ಗಾಳಿಯ ಒತ್ತಡ ಏರಿಸಬಹುದು, ಶಕ್ತಿ ನಿಜಕ್ಕೂ ಹೆಚ್ಚುತ್ತದೆ. ಟರ್ಬೊ ಇಲ್ಲದ ಎಂಜಿನ್ ಅದರ ಸಿಲಿಂಡರಿನಷ್ಟೇ ಗಾಳಿ ಕುಡಿಯುತ್ತದೆ, ಸಾಫ್ಟ್‌ವೇರ್ ಅದಕ್ಕೆ ಹೊಸ ಶ್ವಾಸಕೋಶ ಕೊಡಲಾರದು. ಅದಕ್ಕೆಂದು ಟರ್ಬೊ ಕಾರೇ ಕೊಳ್ಳೋಣ ಎಂದರೆ ಅಲ್ಲೊಂದು ಬಲೆ ಇದೆ. ಒಂದು ಕಾಲಕ್ಕೆ ಹದಿನೈದು ಲಕ್ಷ ಬಾಳುತ್ತಿದ್ದ ಕಾರು ಇವತ್ತು ಎರಡು ಲಕ್ಷಕ್ಕೆ ಸಿಕ್ಕರೂ ಅದರ ಬಿಡಿಭಾಗಗಳಿಗೆ ತಮ್ಮ ಬೆಲೆ ಇಳಿದಿದೆ ಎಂದು ಯಾರೂ ಹೇಳಿರುವುದಿಲ್ಲ.

ಮುಂದಿನ ಖರ್ಚೆಲ್ಲ ಯಾರಿಗೂ ತೋರಿಸಲಾಗದ ಖರ್ಚು. ನಾಲ್ಕೂ ಸಿಲಿಂಡರಿಗೆ ಗೇಜ್ ಹಾಕಿ ಕಂಪ್ರೆಷನ್ ನೋಡಿದರು. ಒಂದಕ್ಕೊಂದರ ವ್ಯತ್ಯಾಸ ಶೇ 10ರೊಳಗೇ ಇತ್ತು, ಎಂಜಿನ್ ಇಳಿಸುವ ಗಂಡಾಂತರ ತಪ್ಪಿತು. ಅಷ್ಟು ವ್ಯತ್ಯಾಸ ಮೀರಿದ್ದರೆ ಕಾರನ್ನು ಮಾರಿಬಿಡು ಎನ್ನುತ್ತಿದ್ದೆ. ಟೈಮಿಂಗ್ ಬೆಲ್ಟ್ ಯಾವಾಗ ಬದಲಾಯಿತೆಂಬುದಕ್ಕೆ ದಾಖಲೆ ಇರಲಿಲ್ಲ. ರಬ್ಬರಿನ ಆ ಪಟ್ಟಿ ಕಿಲೊಮೀಟರಿಗೂ ಸವೆಯುತ್ತದೆ, ವಯಸ್ಸಿಗೂ ಬಿರಿಯುತ್ತದೆ. ಓಡುವಾಗ ಹರಿದರೆ ಪಿಸ್ಟನ್ನು ಮೇಲೆದ್ದು ತೆರೆದ ವಾಲ್ವುಗಳಿಗೆ ಹೊಡೆಯುತ್ತದೆ, ಬಜೆಟ್ಟಿನ ಕತೆ ಅಲ್ಲಿಗೆ ಮುಗಿಯಿತು. ಬೆಲ್ಟ್, ಟೆನ್ಷನರ್, ವಾಟರ್ ಪಂಪಿಗೆ 11,000. ರೇಡಿಯೇಟರ್ ಶುದ್ಧಿ, ಹೋಸು, ಥರ್ಮೊಸ್ಟಾಟಿಗೆ 6,000. ಪ್ಲಗ್ಗು, ಪ್ಲಗ್ ವೈರು, ಡಿಸ್ಟ್ರಿಬ್ಯೂಟರ್ ಕ್ಯಾಪ್, ಇಂಜೆಕ್ಟರ್ ತೊಳೆದದ್ದಕ್ಕೆ 7,500.

ಪೆಟ್ರೋಲ್ ಹೋಸುಗಳಿಗೆ 2,500 ಎಂದಾಗ ಹುಡುಗ ಹುಬ್ಬೇರಿಸಿದ. ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥನಾಲ್ ಇರುತ್ತದೆ. ಈ ಕಾರು ತಯಾರಾದಾಗ ಅದರ ರಬ್ಬರುಗಳನ್ನು ಎಥನಾಲನ್ನು ಗಮನದಲ್ಲಿಟ್ಟು ಆಯ್ದಿರಲಿಲ್ಲ. ಹಳೆಯ ಹೋಸ್ ಮೆತ್ತಗಾಗಿ ಒಸರಿದರೆ ಒಸರುವುದು ಬಿಸಿ ಎಂಜಿನ್ನಿನ ಪಕ್ಕದಲ್ಲೇ. ಎಥನಾಲಿನಲ್ಲಿ ಲೀಟರಿಗೆ ಸಿಗುವ ಶಾಖ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ. ಹಾಗಾಗಿ ಅಂಥ ಮಿಶ್ರಣದಲ್ಲಿ ಶೇ 6ರಿಂದ 7ರಷ್ಟು ಕಸುವು ಟ್ಯಾಂಕಿನಲ್ಲೇ ಖೋತಾ.

ಅಲ್ಲಿಗೆ ಮೂವತ್ತು ಸಾವಿರ. ಹೊರಗಿನಿಂದ ನೋಡಿದರೆ ಕಾರಿನಲ್ಲಿ ಒಂದೇ ಒಂದು ಬದಲಾವಣೆ: ಡಿಕ್ಕಿಯ ಸ್ಪೀಕರ್ ಪೆಟ್ಟಿಗೆ, ಆಂಪ್ಲಿಫೈಯರು, ಅದರ ಎರಡನೇ ಬ್ಯಾಟರಿ ಕೆಳಗಿಳಿದಿದ್ದವು. ಮನೆಯ ತೂಕದ ಮಷೀನಿನಲ್ಲಿ ತೂಗಿದೆವು, 46 ಕಿಲೊ. ಕಾಸಿಲ್ಲದೆ ದಕ್ಕಿದ ಮಾರ್ಪಾಡು ಅದೊಂದೇ. ಒಂದು ಟನ್ನಿನ ಕಾರಿಗೆ ಐದು ಅಶ್ವಶಕ್ತಿ ಸೇರಿಸಿದ್ದಕ್ಕೆ ಸಮ, ಬ್ರೇಕಿಗೂ ತಿರುವಿಗೂ ಅನುಕೂಲ ಬೇರೆ. ಹಿಂದಿನ ಸೀಟನ್ನೂ ಕಿತ್ತುಬಿಡೋಣ ಅಂದ. ಆರ್‌ಸಿಯಲ್ಲಿ ಎಷ್ಟು ಸೀಟು ಅಂತ ಬರೆದಿದೆ ಓದು ಅಂದೆ. ನಿಮ್ಮ ಅಮ್ಮ ಎಲ್ಲಿ ಕೂತುಕೊಳ್ಳಬೇಕು ಅಂತಲೂ ಕೇಳಿದೆ.

ಇನ್ನು ಟೈರು. ಒಂದು ಟನ್ನಿನ ಕಾರು ರಸ್ತೆಯನ್ನು ಮುಟ್ಟುವುದು ನಾಲ್ಕು ಅಂಗೈ ಅಗಲದಲ್ಲಿ. ಕಾರಿನ ಕ್ರೋಮ್ ಚಕ್ರಗಳ ಮೇಲಿದ್ದ ಟೈರುಗಳಲ್ಲಿ ಗೀರುಗಳ ಆಳ ಚೆನ್ನಾಗಿಯೇ ಇತ್ತು. ಪಕ್ಕೆಯ ಮೇಲಿನ ನಾಲ್ಕಂಕಿ ಓದಿದರೆ 1414. ಮೊದಲೆರಡು ವಾರ, ಕೊನೆಯೆರಡು ವರ್ಷ. 2014ರ ಹದಿನಾಲ್ಕನೇ ವಾರದ ರಬ್ಬರು ಈಗ ಸ್ಲೇಟಿನಷ್ಟು ಗಟ್ಟಿ. ಹುಡುಗನಿಗೆ ಲೆಕ್ಕ ಹಾಕಿ ತೋರಿಸಿದೆ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಬ್ರೇಕ್ ಒತ್ತಿದಾಗ ಒಳ್ಳೆಯ ಟೈರು ಭೂಮಿಯ ಗುರುತ್ವದ 0.9 ಪಾಲಿನಷ್ಟು ಹಿಡಿತ ಕೊಟ್ಟರೆ ಕಾರು 44 ಮೀಟರಿನಲ್ಲಿ ನಿಲ್ಲುತ್ತದೆ. ಗಟ್ಟಿಯಾದ ಟೈರು 0.7 ಪಾಲು ಕೊಟ್ಟರೆ 56 ಮೀಟರ್. ನಡುವಿನ ಹನ್ನೆರಡು ಮೀಟರಿನಲ್ಲಿ ಇಂಥ ಎರಡು ಕಾರು ಸಾಲಾಗಿ ನಿಲ್ಲಬಹುದು. ಅಥವಾ ಒಂದು ಟ್ರ್ಯಾಕ್ಟರ್ ಟ್ರೇಲರು, ಹಿಂದಿನ ದೀಪವಿಲ್ಲದ್ದು, ಕಬ್ಬು ತುಂಬಿದ್ದು. ಮಂಡ್ಯದ ಕಡೆ ರಾತ್ರಿ ಓಡಿಸಿದವರಿಗೆ ಬಿಡಿಸಿ ಹೇಳಬೇಕಿಲ್ಲ.

ಚಕ್ರದ ಅಳತೆಯಲ್ಲಿ ಹಟ ಮಾಡಿದ. ದೊಡ್ಡ ಚಕ್ರ ನೋಟಕ್ಕೆ ಚಂದ, ಆದರೆ ಭಾರ. ಆ ಭಾರ ಸ್ಪ್ರಿಂಗಿನ ಕೆಳಗಿರುವುದರಿಂದ ಪ್ರತಿ ಗುಂಡಿಗೂ ಅದನ್ನು ಎತ್ತಿಳಿಸುವ ಕೆಲಸ ಶಾಕ್ ಅಬ್ಸಾರ್ಬರಿನದು, ತಿರುಗಿಸುವ ಕೆಲಸ ಎಂಜಿನ್ನಿನದು. ಆ ಕಾಲದ ಸೆಡಾನುಗಳಲ್ಲಿ ಸಾಮಾನ್ಯವಾಗಿದ್ದ 175/70 ಆರ್13 ಟೈರಿನ ಒಟ್ಟು ಎತ್ತರ 575 ಮಿ.ಮೀ. ಅದರ ಬದಲು 185/60 ಆರ್14 ಹಾಕಿದರೆ 578. ಸ್ಪೀಡೊಮೀಟರಿಗೆ ವ್ಯತ್ಯಾಸವೇ ತಿಳಿಯದು, ರಬ್ಬರು ಮಾತ್ರ ಒಂದು ಸೆಂಟಿಮೀಟರ್ ಅಗಲ. ಕ್ರೋಮ್ ಚಕ್ರಗಳನ್ನು ಅದೇ ವಯಸ್ಸಿನ ಇನ್ನೊಬ್ಬ ಹುಡುಗನಿಗೆ 12,000ಕ್ಕೆ ದಾಟಿಸಿ, ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ ಹದಿನಾಲ್ಕು ಇಂಚಿನ ಅಲಾಯ್‌ಗಳನ್ನು 9,500ಕ್ಕೆ ತಂದೆವು. ಗುಜರಿಯಲ್ಲಿ ಚಕ್ರ ಕೊಳ್ಳುವವರು ಅದನ್ನು ಬ್ಯಾಲೆನ್ಸಿಂಗ್ ಮಷೀನಿನ ಮೇಲೆ ಬರಿದಾಗಿ ತಿರುಗಿಸಿ ನೋಡದೆ ದುಡ್ಡು ಕೊಡಬಾರದು. ಬಾಗಿದ ಚಕ್ರಕ್ಕೆ ಬಣ್ಣ ಹೊಡೆದರೆ ಹೊಸದರ ಹಾಗೇ ಕಾಣುತ್ತದೆ. ಹೊಸ ಟೈರು ನಾಲ್ಕಕ್ಕೆ 18,500.

ಬ್ರೇಕಿಗೆ 13,000: ಡಿಸ್ಕು, ಪ್ಯಾಡು, ಹಿಂದಿನ ಡ್ರಮ್ಮಿನ ಶೂ, ರಬ್ಬರ್ ಹೋಸು, ಬ್ರೇಕ್ ಆಯಿಲ್. ಹೆಚ್ಚಿನ ಜನ ಮರೆಯುವುದು ಆ ಕೊನೆಯದನ್ನೇ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಡಾಟ್ 4 ದರ್ಜೆಯದು ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು, ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಘಾಟಿ ಇಳಿಯುವಾಗ ಅದು ಕುದಿದು ಆವಿಯಾದರೆ ಪೆಡಲು ಸ್ಪಂಜಿನಂತೆ ನೆಲಕ್ಕೆ ಹೋಗುತ್ತದೆ. ವೇಗ ಎರಡು ಪಟ್ಟಾದರೆ ಬ್ರೇಕು ನುಂಗಬೇಕಾದ ಶಕ್ತಿ ನಾಲ್ಕು ಪಟ್ಟು. ಈ ಕಾರಿನಲ್ಲಿ ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ. ಚಾರ್ಮಾಡಿ ಇಳಿಯುವಾಗ ಆ ಲೆಕ್ಕವನ್ನು ನಮ್ಮ ಬದಲು ಮಾಡುವವರು ಯಾರೂ ಕಾರಿನೊಳಗೆ ಇರುವುದಿಲ್ಲ.

ಈಗ ನನ್ನ ನಾಚಿಕೆಯ ಕತೆ. ಆಗಿನ ನನ್ನ ಸಣ್ಣ ಕಾರನ್ನು ತಗ್ಗಿಸಬೇಕೆಂಬ ಹುಚ್ಚಿನಲ್ಲಿ ರಸ್ತೆ ಬದಿಯ ಒಬ್ಬನ ಕೈಯಲ್ಲಿ ಸ್ಪ್ರಿಂಗ್ ಕಟ್ ಮಾಡಿಸಿದ್ದೆ. ಗ್ಯಾಸ್ ಕಟರಿನಲ್ಲಿ, ಚಕ್ರಕ್ಕೆ ನೂರೈವತ್ತರಂತೆ. ಸ್ಪ್ರಿಂಗಿನ ಸುತ್ತು ಕಡಿಮೆಯಾದಷ್ಟೂ ಅದು ಬಿರುಸಾಗುತ್ತದೆ, ಆರು ಸುತ್ತಿನಲ್ಲಿ ಒಂದು ತೆಗೆದರೆ ಶೇ 20ರಷ್ಟು. ಹಳೆಯ ಶಾಕ್ ಅಬ್ಸಾರ್ಬರಿಗೆ ಆ ಬಿರುಸು ತಡೆಯುವ ತಾಕತ್ತಿಲ್ಲ, ಕುಗ್ಗಲು ಜಾಗವೂ ಉಳಿದಿಲ್ಲ. ಬೆಂಕಿ ತಗುಲಿದ ಕಡೆ ಉಕ್ಕಿನ ಹದ ಬೇರೆ ಕೆಟ್ಟಿರುತ್ತದೆ. ಕಾರು ನೋಡಲು ಹುಲಿಯ ಹಾಗಿತ್ತು, ಓಡಿಸಲು ಎತ್ತಿನಗಾಡಿ. ಮೂರನೇ ವಾರ ನಮ್ಮ ಬೀದಿಯ ಹಂಪಿನ ಮೇಲೆ ಆಯಿಲ್ ಸಂಪ್ ಒಡೆದು ಕಾರನ್ನು ಮನೆಯವರೆಗೆ ತಳ್ಳಿಕೊಂಡು ಬಂದೆವು. ಹಿಂದೆ ನಿಂತು ತಳ್ಳಿದವಳು ಇದೇ ಅಕ್ಕ. ಮಗನಿಗೆ ಈ ಕತೆಯನ್ನು ಅವಳೇ ಬಣ್ಣ ಕಟ್ಟಿ ಹೇಳಿದ್ದರಿಂದ ‘ತಗ್ಗಿಸುವುದು’ ಚೀಟಿಯಿಂದ ತಾನಾಗಿ ಬಿದ್ದುಹೋಯಿತು.

ಬದಲಿಗೆ ನಾಲ್ಕು ಹೊಸ ಶಾಕ್ ಅಬ್ಸಾರ್ಬರ್, ತೋಳುಗಳ ಬುಷ್ಷು, ಬಾಲ್ ಜಾಯಿಂಟು, ಕೊನೆಗೆ ವೀಲ್ ಅಲೈನ್‌ಮೆಂಟ್. 26,000. ಇಡೀ ಪಟ್ಟಿಯಲ್ಲಿ ದೊಡ್ಡ ಬಾಬ್ತು ಇದೇ, ನನ್ನ ಅಭಿಪ್ರಾಯದಲ್ಲಿ ಅತ್ಯಂತ ಲಾಭದ್ದೂ ಇದೇ. ಸತ್ತ ಬುಷ್ ಇರುವ ಕಾರು ಸ್ಟಿಯರಿಂಗ್ ತಿರುಗಿಸಿದ ಮೇಲೆ ಒಂದು ಕ್ಷಣ ಯೋಚಿಸಿ ತಿರುಗುತ್ತದೆ. ಆ ಯೋಚನೆ ಈಗ ನಿಂತಿತು.

ಕೋನ್ ಫಿಲ್ಟರನ್ನು ಮಾತ್ರ ಅವನು ಬಿಡಲೊಲ್ಲ. ಮೂಲ ಫಿಲ್ಟರ್ ಡಬ್ಬಿ ತೆಗೆದು ಬಾನೆಟ್ಟಿನೊಳಗೆ ತೆರೆದ ಫಿಲ್ಟರ್ ಕೂರಿಸಿದರೆ ಅದು ಹೀರುವುದು ಎಂಜಿನ್ನಿನ ಸುತ್ತಲ ಗಾಳಿಯನ್ನು. ಹೊರಗೆ 30 ಡಿಗ್ರಿ ಇದ್ದು ಒಳಗೆ 60 ಇದ್ದರೆ ಆ ಗಾಳಿಯ ಸಾಂದ್ರತೆ ಶೇ 9ರಷ್ಟು ಕಡಿಮೆ, ಅಂದರೆ ಅಷ್ಟು ಪಾಲು ಆಮ್ಲಜನಕ ಖೋತಾ. ಕಂಪನಿ ಕೊಟ್ಟ ಕರಿ ಡಬ್ಬಿ ಪೆದ್ದ ಮುಖದ್ದಾದರೂ ಹೊರಗಿನ ತಣ್ಣನೆಯ ಗಾಳಿ ತರುತ್ತದೆ. ಕೋನ್ ಹಾಕಿದವರು ‘ಪಿಕಪ್ ಜಾಸ್ತಿಯಾಯ್ತು’ ಅನ್ನುವುದು ಸುಳ್ಳಲ್ಲ, ಅದು ಕಿವಿಯ ಸಾಕ್ಷಿ. ಗಾಳಿ ಹೀರುವ ಸದ್ದು ಜೋರಾದಾಗ ಮನಸ್ಸು ವೇಗ ಸೇರಿಸಿಕೊಳ್ಳುತ್ತದೆ. ಸೈಲೆನ್ಸರಿನದೂ ಬಹುಮಟ್ಟಿಗೆ ಇದೇ ಕತೆ. ಎಂಜಿನ್ನಿನ ಒಳಗೇ ಕೆಲಸ ಮಾಡಿ, ಹೆಡರಿನಿಂದ ಹಿಡಿದು ಪೂರ್ತಿ ಕೊಳವೆ ಬದಲಿಸಿದರೆ ಮಾತು ಬೇರೆ. ಕೊನೆಯ ಡಬ್ಬಿ ಮಾತ್ರ ಬದಲಿಸಿದರೆ ಸಿಗುವುದು ನೆರೆಹೊರೆಯವರ ಶಾಪ.

ಕಾನೂನೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರಗಳು ತಯಾರಕರು ಕೊಟ್ಟ ಮೂಲ ವಿವರಗಳಿಗೆ ಹೊಂದದಂತೆ ವಾಹನ ಬದಲಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೇರಳದ ಒಂದು ಪ್ರಕರಣದಲ್ಲಿ ಇದನ್ನು ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಇಂಥ ಒಂದೊಂದು ಬದಲಾವಣೆಗೆ ಐದು ಸಾವಿರ ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಎಂದು ಬಂತು. ಎಂಜಿನ್ ಬದಲಿಸಿದರೂ ಬಣ್ಣ ಬದಲಿಸಿದರೂ ಆರ್‌ಟಿಒ ಒಪ್ಪಿ ಆರ್‌ಸಿಯಲ್ಲಿ ಬರೆಯಬೇಕು. ಟೈರು, ಬ್ರೇಕ್ ಪ್ಯಾಡು, ಶಾಕ್, ಬುಷ್ಷು ಹೊಸದು ಹಾಕಿದ್ದಕ್ಕೆ ಯಾರೂ ಚಕಾರ ಎತ್ತುವುದಿಲ್ಲ. ನಿಜವಾಗಿ ವೇಗದ ಚಟ ಹತ್ತಿದವರಿಗೆ ಚೆನ್ನೈ ಬಳಿಯ ಇರುಂಗಾಟ್ಟುಕೋಟೆಯ ಟ್ರ್ಯಾಕ್ ಇದೆ, ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇ ಇದೆ. ಮಣ್ಣಿನ ಮೇಲೆ ಆಡುವವರಿಗೆ ಕರ್ನಾಟಕ ಮೋಟರ್ ಸ್ಪೋರ್ಟ್ಸ್ ಕ್ಲಬ್ಬಿನ ಕೆ-1000, ಚಿಕ್ಕಮಗಳೂರಿನ ಕಾಫಿ ತೋಟಗಳ ರ‍್ಯಾಲಿ. ಅಲ್ಲಿನ ನಿಯಮವೇ ಬೇರೆ, ಖರ್ಚೂ ಬೇರೆ.

ಯಾವ ಮಾರ್ಪಾಡಿನ ಪಟ್ಟಿಯಲ್ಲೂ ಇರದ ಒಂದು ಬಾಬ್ತು ಈ ವರ್ಷ ಎದುರಾಯಿತು. ಹದಿನೈದು ವರ್ಷದ ಮೇಲೆ ಖಾಸಗಿ ಕಾರಿನ ಆರ್‌ಸಿಯನ್ನು ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. 2001ರ ಕಾರಿಗೆ 2016, 2021, ಈಗ 2026. ಇಪ್ಪತ್ತು ವರ್ಷ ದಾಟಿದ ಕಾರಿಗೆ ಆ ಶುಲ್ಕವನ್ನು 2025ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ 10,000 ರೂಪಾಯಿಗೆ ಏರಿಸಿತು. ಎಮಿಷನ್ ಟೆಸ್ಟು, ಓಡಾಟ, ಝೆರಾಕ್ಸು ಸೇರಿ ಹನ್ನೊಂದು ಸಾವಿರ. ಕೋನ್ ಫಿಲ್ಟರ್ ಆಸೆಯನ್ನು ನನ್ನ ಲೆಕ್ಕ ಕೊಂದಿರಲಿಲ್ಲ, ಈ ರಸೀದಿ ಕೊಂದಿತು. ಬಕೆಟ್ ಸೀಟು, ಸ್ಕೂಪುಗಳ ಮಾತು ಅಷ್ಟರಲ್ಲಿ ಅವನೇ ಎತ್ತುತ್ತಿರಲಿಲ್ಲ.

ಕೊನೆಗೆ ಕೈಯಲ್ಲಿ ಉಳಿದದ್ದು ನಾಲ್ಕು ಸಾವಿರ. ಶನಿವಾರ ಬೆಳಿಗ್ಗೆ ಫೋನ್ ಬಂತು.

“ಮಾವ, ಗುಜರಿಯಲ್ಲಿ ಒಂದು ಸೈಲೆನ್ಸರ್ ಇದೆಯಂತೆ. ಕರೆಕ್ಟಾಗಿ ನಾಲ್ಕು ಸಾವಿರ. ಬರೀ ಸೌಂಡಿಗೆ ಅಂತ ನಂಗೂ ಗೊತ್ತು...”

ಬೇಡ ಅನ್ನಲಿಲ್ಲ. ಮೇಸ್ತ್ರಿಗೊಂದು ಮಾತು ಕೇಳಿಬಿಡು ಅಂದೆ. ಮೇಸ್ತ್ರಿ ಬಾನೆಟ್ ಎತ್ತಿಸಿ, ಎಂಜಿನ್ ಓಡಿಸಿ, ಕಣ್ಣು ಮುಚ್ಚಿ ನಿಂತರಂತೆ.

“ಟಪ್ಪೆಟ್ ಟಿಕಟಿಕ ಅಂತಾವೆ, ಕೇಳಿಸ್ತಾ? ಮೊದ್ಲು ಈ ಸೌಂಡ್ ತೆಗಿಯೋಣ. ಆಮೇಲೆ ಆ ಸೌಂಡು.”

ಈ ಎಂಜಿನ್ನಿನ ವಾಲ್ವ್ ಅಂತರವನ್ನು ತಂಪಾಗಿರುವಾಗಲೇ ಅಳೆಯಬೇಕು, ಆದ್ದರಿಂದ ಹುಡುಗ ಕಾರನ್ನು ರಾತ್ರಿ ಅಲ್ಲೇ ಬಿಟ್ಟ. ಭಾನುವಾರ ಬೆಳಿಗ್ಗೆ ಏಳಕ್ಕೆ ನಾನು ಹೋದಾಗ ಬಾನೆಟ್ಟಿನೊಳಗೆ ತಲೆ ಹಾಕಿ ನಿಂತಿದ್ದ. ಕೈಯಲ್ಲಿ ಫೀಲರ್ ಗೇಜು. ವಾಲ್ವಿನ ಸಂದಿಯಲ್ಲಿ ಅದರ ತೆಳು ಎಲೆಯನ್ನು ಹಿಂದೆ ಮುಂದೆ ಎಳೆಯುತ್ತಿದ್ದ. ಮೇಸ್ತ್ರಿ ಪಕ್ಕದಲ್ಲಿ ಟೀ ಕುಡಿಯುತ್ತ, “ಬಿಗಿ ಆಯ್ತು, ಒಂಚೂರು ಬಿಡು. ಹ್ಞಾ, ಇನ್ನೂ ಒಂಚೂರು,” ಅನ್ನುತ್ತಿದ್ದರು. ಹದಿನಾರು ವಾಲ್ವುಗಳಲ್ಲಿ ಅದು ಐದನೆಯದು.